ಬಳ್ಳಾರಿಯ ಬಾಯಿಪಾಠ: 1823ರ ಒಂದು ವರದಿಯ ಮರುಓದು

ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಆ ಪ್ರಾಂತ್ಯದ ದೇಶೀಯ ಶಾಲೆಗಳ ವಿವರವನ್ನು ಕಲೆಕ್ಟರುಗಳಿಂದ ತರಿಸಿದನು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ಉತ್ತರವು ಬರಿಯ ಅಂಕಿಗಳ ಪಟ್ಟಿಯಲ್ಲ. ತೆಲುಗು ವ್ಯಾಕರಣವನ್ನು ಬರೆದಿದ್ದ ಆತನು ಶಾಲೆಗಳ ಒಳಬದುಕನ್ನೂ ಅದರಲ್ಲಿ ಚಿತ್ರಿಸಿದ್ದಾನೆ. ಶಾಲೆಯ ಕಲಿಕೆಯು ಮುಂದಿನ ಬಾಳಿಗೆ ಎಷ್ಟು ಒದಗುತ್ತದೆ ಎಂಬ ಪ್ರಶ್ನೆಗೆ ಈ ವರದಿ ಇಂದಿಗೂ ಒಳ್ಳೆಯ ಆಕರ.

ಅಂದು ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ಸುಮಾರು ಐದನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿ, ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಸರದಿಯಂತೆ ಏರುವ ಏಟು. ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ.

ಆದರೆ ಫಲದ ವಿಚಾರದಲ್ಲಿ ಆತನ ತೀರ್ಪು ಕಠಿಣವಾದುದು. ಕಾವ್ಯಭಾಷೆ ಆಡುಮಾತಿನಿಂದ ದೂರವಾದುದರಿಂದ ಮಕ್ಕಳು ಅರ್ಥವರಿಯದೆ ಗಿಳಿಯಂತೆ ಪದ್ಯಗಳನ್ನು ಒಪ್ಪಿಸುತ್ತಾರೆ; ವರ್ಷಗಳ ದುಡಿಮೆಯಿಂದ ಅವರಿಗೆ ದಕ್ಕುವುದು ನೆನಪಿನ ಸಾಧನೆ ಮತ್ತು ದಿನದ ವ್ಯವಹಾರಕ್ಕೆ ಸಾಲುವ ಓದುಬರಹ, ಇಷ್ಟೇ ಎನ್ನುತ್ತಾನೆ.

ಈ ‘ಇಷ್ಟೇ’ ಎಂಬುದನ್ನು ವಯಸ್ಕರ ಬಾಳಿನಲ್ಲಿಟ್ಟು ತೂಗಬೇಕು. ರೈತವಾರಿ ಪದ್ಧತಿಯಲ್ಲಿ ತನ್ನ ಹೆಸರಿನ ಪಟ್ಟಾ ಹಿಡಿದ ರೈತನಿಗೆ, ಸಾಲಪತ್ರಕ್ಕೆ ಒಪ್ಪಿಗೆ ಹಾಕುವವನಿಗೆ, ಬರೆದುದನ್ನು ತಾನೇ ಓದಬಲ್ಲೆನೆಂಬುದು ಅಲ್ಪ ಲಾಭವಾಗಿರಲಿಲ್ಲ. ನೆನಪಿನ ಪದ್ಯಗಳೂ ವ್ಯರ್ಥವಾಗಲಿಲ್ಲ. ಕನ್ನಡ ನಾಡಿನಲ್ಲಿ ಕಾವ್ಯವು ವಾಚನ ಮತ್ತು ವ್ಯಾಖ್ಯಾನಗಳ ಮೂಲಕ ಸಭೆಯಲ್ಲಿ ಬಾಳಿದ ವಸ್ತು. ಬಾಲ್ಯದಲ್ಲಿ ಶಬ್ದವಾಗಿ ಬಂದದ್ದು ಪ್ರೌಢವಯಸ್ಸಿನಲ್ಲಿ, ಪುರಾಣ ಹೇಳುವವರ ಎದುರು ಕುಳಿತಾಗ, ಅರ್ಥವಾಗಿ ತೆರೆಯಲು ಅಲ್ಲಿ ಅವಕಾಶವಿತ್ತು. ಪರೀಕ್ಷಕನು ಹುಡುಗನನ್ನು ಕಂಡನು; ಆ ಹುಡುಗ ನಲವತ್ತರ ಗೃಹಸ್ಥನಾಗಿ ಕೇಳುವುದನ್ನು ಕಾಣಲಿಲ್ಲ.

ವರದಿಯು ಹೆಸರಿಸುವ ವ್ಯಾಕರಣಗಳಲ್ಲಿ 13ನೆಯ ಶತಮಾನದ ಜೈನ ವಿದ್ವಾಂಸ ಕೇಶಿರಾಜನ ‘ಶಬ್ದಮಣಿದರ್ಪಣ’ವೂ ಉಂಟು. ಅದರ ಸೂತ್ರಗಳಿರುವುದು ಕಂದಪದ್ಯಗಳಲ್ಲಿ, ವಿವರಣೆ ಗದ್ಯವೃತ್ತಿಯಲ್ಲಿ. ಮೊದಲು ಕಂಠಸ್ಥವಾಗಲಿ, ಅರಿವು ಹಿಂದಿನಿಂದ ಬರಲಿ ಎಂಬ ಶಿಕ್ಷಣಕ್ರಮಕ್ಕೆ ಈ ರಚನೆ ಚೆನ್ನಾಗಿ ಹೊಂದುತ್ತದೆ. ಆದರೆ ಇಂಥ ಗ್ರಂಥಗಳೇ ಶಾಲೆಗಳಲ್ಲಿ ತೀರ ವಿರಳ, ಹಸ್ತಪ್ರತಿಗಳ ಬೆಲೆ ಹೆಚ್ಚು, ಉಪಾಧ್ಯಾಯರು ಬಡವರು, ಇದ್ದ ಪ್ರತಿಗಳೂ ತಪ್ಪುಗಳಿಂದ ತುಂಬಿದವು ಎಂದು ಕ್ಯಾಂಪ್‌ಬೆಲ್ ಬರೆಯುತ್ತಾನೆ. ಅರ್ಥ ತೆರೆಯಬಲ್ಲ ಕೀಲಿಕೈ ಇಲ್ಲದಿದ್ದಲ್ಲಿ ಬಾಯಿಪಾಠವು ಬರಿಯ ಬಾಯಿಪಾಠವಾಗಿಯೇ ಉಳಿದಿರಬೇಕು. ಈ ಮಟ್ಟಿಗೆ ಆತನ ಟೀಕೆ ನಿಜ.

ಇದಕ್ಕಿಂತ ದೊಡ್ಡ ಕೊರತೆಯನ್ನು ಅಂಕಿಗಳೇ ಹೇಳುತ್ತವೆ. 9,27,857 ಜನಸಂಖ್ಯೆಯ ಜಿಲ್ಲೆಯಲ್ಲಿ ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು 60. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲವೆಂದೂ, ನಾಡು ಬಡವಾಗುತ್ತ ಬಂದುದೇ ಇದಕ್ಕೆ ಕಾರಣವೆಂದೂ ಸ್ವತಃ ಕಂಪನಿಯ ಅಧಿಕಾರಿಯೇ ಒಪ್ಪಿಕೊಂಡಿದ್ದಾನೆ. ಕಲಿತವರಿಗೆ ಆ ವಿದ್ಯೆ ಬಾಳಿನುದ್ದಕ್ಕೂ ಒದಗಿದ್ದೀತು. ಬಡತನದಿಂದ ಶಾಲೆಯ ಹೊರಗೇ ಉಳಿದವರ ಪಾಲಿಗೆ ಪಟ್ಟಾ, ಸಾಲಪತ್ರ, ಕಾವ್ಯ ಎಲ್ಲವೂ ಇನ್ನೊಬ್ಬರು ಓದಿ ಹೇಳಬೇಕಾದ ಬರಹಗಳಾಗಿಯೇ ಉಳಿದವು.