ಬಚ್ಚಲುಮನೆಯ ಗೋಡೆ

ಮನೆಗೆ ಬಣ್ಣ ಹೊಡೆಸುವಾಗ ಮೊದಲ ಪಾಲು ಹಜಾರಕ್ಕೆ. ಆಮೇಲೆ ದೇವರಮನೆ, ಮಲಗುವ ಕೋಣೆ, ಅಡಿಗೆಮನೆ. ಡಬ್ಬದ ತಳದಲ್ಲಿ ಏನಾದರೂ ಉಳಿದಿದ್ದರೆ ಅದು ಬಚ್ಚಲುಮನೆಗೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವ ಗಾದೆ ಮಕ್ಕಳಿಗೆ ಮಾತ್ರವಲ್ಲ, ಮನೆಯ ಕೋಣೆಗಳಿಗೂ ಒಪ್ಪುತ್ತದೆ. ಅದಕ್ಕೇ ಒಂದು ಮನೆಯ ಚರಿತ್ರೆ ತಿಳಿಯಬೇಕಾದರೆ ಹಜಾರದ ಗೋಡೆಯನ್ನು ಕೇಳಿ ಪ್ರಯೋಜನವಿಲ್ಲ. ಅದನ್ನು ಪ್ರತಿಸಲ ಕೆರೆದು, ಉಜ್ಜಿ, ಹೊಸದು ಮಾಡಿರುತ್ತಾರೆ. ಬಚ್ಚಲಿನಲ್ಲಿ ಹಾಗಲ್ಲ. ಅಲ್ಲಿ ಹಳೆಯದರ ಮೇಲೆಯೇ ಹೊಸದು.

ತಿಪಟೂರಿನ ನಮ್ಮ ಮನೆಯ ಬಚ್ಚಲು ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಇಬ್ಬರು ನಿಂತರೆ ಮೂರನೆಯವರು ಹೊಸಿಲಾಚೆ ನಿಲ್ಲಬೇಕು. ಮೂರು ವರ್ಷದ ಹಿಂದೆ ನನ್ನ ಮಗ ರಜಕ್ಕೆ ಬಂದವನು ಬೆನ್ನಿಗೆ ಅಂಟು ಇರುವ ಹೂವಿನ ಚಿತ್ರದ ವಾಲ್‌ಪೇಪರ್ ಸುರುಳಿಗಳನ್ನು ತಂದು ಒಂದೇ ಮಧ್ಯಾಹ್ನದಲ್ಲಿ ನಾಲ್ಕೂ ಗೋಡೆಗೆ ಅಂಟಿಸಿ ಹೋದ. ನೋಡಿದವರೆಲ್ಲ ಹೊಗಳಿದರು. ಎರಡನೆಯ ಮಳೆಗಾಲಕ್ಕೆ ಮೂಲೆಗಳು ಬಾಯಿಬಿಟ್ಟವು. ಹಿಂದಿನಿಂದ ಹಸಿ ಹಸಿ ವಾಸನೆ. ಎಂಬತ್ತನಾಲ್ಕರ ನಮ್ಮ ಅತ್ತೆಗೆ ರಾತ್ರಿಯೆಲ್ಲ ಕೆಮ್ಮು. ಡಾಕ್ಟರು ಎದೆ ಪರೀಕ್ಷಿಸಿ, "ಮನೆಯಲ್ಲಿ ಎಲ್ಲಾದರೂ ಗೋಡೆ ಬೂಷ್ಟು ಹಿಡಿದಿದೆಯಾ?" ಎಂದು ಕೇಳಿದರು. ಮನೆಗೆ ಬಂದವಳೇ ಕಾಗದದ ಒಂದು ಮೂಲೆ ಹಿಡಿದು ಎಳೆದೆ. ಹೂವುಗಳ ಬೆನ್ನಿಗೆ ಕಾಡಿಗೆಯಂಥ ಬೂಷ್ಟು ಹರಡಿಕೊಂಡಿತ್ತು.

ಗೋಡೆಗೆ ಕಾಗದ ಅಂಟಿಸುವುದು ನಮ್ಮ ಸೀಮೆಯ ಪದ್ಧತಿಯಲ್ಲ. ಚಳಿದೇಶಗಳಲ್ಲಿ ರೇಷ್ಮೆಯ ಪರದೆ ತೂಗುಹಾಕಲು ಶಕ್ತಿಯಿಲ್ಲದವರಿಗೆ ಅದು ಅಗ್ಗದ ಸೊಗಸಾಗಿತ್ತು. ಎಷ್ಟು ಜನಪ್ರಿಯವಾಯಿತೆಂದರೆ ಇಂಗ್ಲೆಂಡಿನ ಸರ್ಕಾರ 1712ರಲ್ಲಿ ಅದರ ಮೇಲೆ ತೆರಿಗೆ ಹಾಕಿ, 1836ರವರೆಗೂ ವಸೂಲಿ ಮಾಡಿತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ 1775ರಲ್ಲಿ ಕಂಡುಹಿಡಿದ ಕಣ್ಣು ಕುಕ್ಕುವ ಹಸಿರು ಬಣ್ಣ ಆ ಕಾಗದಗಳಿಗೆ ಬಂತು. ಅದರಲ್ಲಿದ್ದದ್ದು ತಾಮ್ರ ಮತ್ತು ಪಾಷಾಣ. ಗೋಡೆ ಶೀತ ಹಿಡಿದು ಬೂಷ್ಟು ಬೆಳೆದರೆ ಆ ಬೂಷ್ಟೇ ಬಣ್ಣದ ಪಾಷಾಣವನ್ನು ವಿಷಗಾಳಿಯಾಗಿ ಬಿಡಬಲ್ಲದೆಂದು ಇಟಲಿಯ ಗೋಸಿಯೋ ಎಂಬ ವಿಜ್ಞಾನಿ 1890ರ ದಶಕದಲ್ಲಿ ತೋರಿಸಿದ. ನಮ್ಮ ಮನೆಯ ಕಾಗದದಲ್ಲಿ ಪಾಷಾಣವೇನೂ ಇರಲಿಲ್ಲ, ಅದು ಬರೀ ಪ್ಲಾಸ್ಟಿಕ್ಕು. ಆದರೆ ಗೋಡೆಯ ಉಸಿರು ಕಟ್ಟಿದರೆ ಏನಾಗುತ್ತದೆ ಎನ್ನುವ ಪಾಠ ಒಂದೇ.

ಉಸಿರು ಎಂದೆನಲ್ಲ, ಅದು ಅಲಂಕಾರದ ಮಾತಲ್ಲ. ನಮ್ಮ ಹಿರಿಯರು ಗೋಡೆಗೆ ಹೊಡೆಯುತ್ತಿದ್ದ ಸುಣ್ಣ ನಿಜವಾಗಿಯೂ ಗಾಳಿ ಕುಡಿಯುವ ವಸ್ತು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಉರಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ಹೊರಟುಹೋಗುತ್ತದೆ. ಆ ಸುಟ್ಟ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ತಿಳಿಮಾಡಿ ಗೋಡೆಗೆ ಬಳಿದ ಮೇಲೆ, ಕಳೆದುಕೊಂಡದ್ದನ್ನು ಗಾಳಿಯಿಂದ ಮತ್ತೆ ಎಳೆದುಕೊಂಡು ನಿಧಾನವಾಗಿ ಕಲ್ಲೇ ಆಗುತ್ತದೆ. ಗೋಡೆಯ ಹಸಿಯನ್ನು ಒಳಗೆ ಕೂಡಿಹಾಕದೆ ಹೊರಗೆ ಬಿಡುತ್ತದೆ. ಹೊಸ ಸುಣ್ಣದ ಖಾರಕ್ಕೆ ಬೂಷ್ಟು, ಹುಳುಹುಪ್ಪಟೆ ನಿಲ್ಲುವುದಿಲ್ಲ. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಲ್ಲಿ ರೋಗದ ಮನೆಗಳಿಗೆ ಸುಣ್ಣ ಹೊಡೆಸುವುದು ಸರ್ಕಾರದ ಕ್ರಮಗಳಲ್ಲೇ ಒಂದಾಗಿತ್ತು. ಬಿಳುಪು ಎದ್ದು ಕಾಣಲೆಂದು ನಮ್ಮವರು ಅದಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಬಟ್ಟೆಗೆ ಹಾಕುವ ಅದೇ ನೀಲಿ.

ಸುಣ್ಣ ಮರೆಮಾಚುತ್ತದೆ, ಮುಚ್ಚಿಟ್ಟು ಕಾಪಾಡುವುದೂ ಉಂಟು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ನೋಡಿದವರಿಗೆ ಅದರ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ನೆನಪಿರಬಹುದು. 1780ರಲ್ಲಿ ಇಂಗ್ಲಿಷರು ಸೋತ ಯುದ್ಧ ಅದು. ಕಾಲಾಂತರದಲ್ಲಿ ಆ ಚಿತ್ರದ ಮೇಲೂ ಸುಣ್ಣ ಬಿದ್ದಿತ್ತು. 1855ರಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಲು ಹೇಳಿದ. ಅರಮನೆಯ ಗೋಡೆಗಾದರೆ ಹೀಗೆ ಕೇಳುವವರಿರುತ್ತಾರೆ. ಬಚ್ಚಲಿನ ಗೋಡೆಯನ್ನು ಕೇಳುವವರು ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಅರ್ಧ ಜಾಗ ಹಂಡೆ ಒಲೆಯದೇ. ನಮ್ಮಲ್ಲಿ ಸೌದೆಗೆ ಕಾಡಿಗೆ ಹೋಗಬೇಕಾಗಿರಲಿಲ್ಲ. ಮಟ್ಟೆ, ಚಿಪ್ಪು, ಒಣಗಿದ ಗರಿ, ಹೊಂಬಾಳೆ, ಎಲ್ಲವನ್ನೂ ತೋಟವೇ ಕೊಡುತ್ತಿತ್ತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಕೂತು, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತಿತ್ತು. ಸುಲಿದ ಮಟ್ಟೆ, ಒಡೆದ ಚಿಪ್ಪು ಬಚ್ಚಲಿಗೆ, ಕೊಬ್ಬರಿ ಮಾರುಕಟ್ಟೆಗೆ. ಒಲೆಯ ಹೊಗೆಗೆ ಗೋಡೆಯೆಲ್ಲ ಮಸಿ, ಸೂರಿನಲ್ಲಿ ಇಲ್ಲಣ. ದೀಪಾವಳಿಯ ನೀರು ತುಂಬುವ ಹಬ್ಬದ ಹೊತ್ತಿಗೆ ಅದನ್ನೆಲ್ಲ ಗುಡಿಸಿ, ಗೋಡೆಗೆ ಸುಣ್ಣ ಹೊಡೆದು, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರು. ವರ್ಷಕ್ಕೊಂದು ದಿನವಾದರೂ ಬಚ್ಚಲಿಗೆ ಮರ್ಯಾದೆ ಸಲ್ಲುತ್ತಿತ್ತು.

ಆಮೇಲೆ ಸಿಮೆಂಟು ಬಂತು. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ನಮ್ಮ ಪಕ್ಕದ ಅಮ್ಮಸಂದ್ರದಲ್ಲೇ ಕಾರ್ಖಾನೆ ಮಾಡಿತು. 2006ರಲ್ಲಿ ಅದು ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟಿನ ಕೈ ಸೇರಿತು. ಸಿಮೆಂಟಿಗೂ ಮೂಲ ಸುಣ್ಣದ ಕಲ್ಲೇ. ಆದರೆ ಗಟ್ಟಿತನದಲ್ಲಿ ಅಕ್ಕತಂಗಿಯರಿಗೆ ಹೋಲಿಕೆಯಿಲ್ಲ. ಹಳೆಯ ಮೆತ್ತನೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ಹಸಿ ಅಲ್ಲೇ ನಿಲ್ಲುತ್ತದೆ. ಸಿಮೆಂಟಿನ ಹಿಂದೆಯೇ ಎಣ್ಣೆ ಬಣ್ಣವೂ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಪ್ರತಿವರ್ಷ ಸುಣ್ಣದ ಗೊಡವೆ ಇಲ್ಲ ಎಂದು ಹೆಂಗಸರೇ ಮೆಚ್ಚಿದರು. ನಮ್ಮ ಬಚ್ಚಲಿಗೆ ಅದು ಬಂದದ್ದು 1986ರಲ್ಲಿ, ನನ್ನ ಮೈದುನನ ಮದುವೆಗೆ. ತಿಳಿ ಹಸಿರು.

ಈ ಎಣ್ಣೆ ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಗಿಬ್ಸನ್ ಎಂಬ ವೈದ್ಯರು 1904ರಲ್ಲೇ ಮಕ್ಕಳ ಸೀಸದ ವಿಷಕ್ಕೆ ಮನೆಯ ಬಣ್ಣವೇ ಮೂಲ ಎಂದು ಬರೆದರು. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ 2016ರಲ್ಲಿ ನಿಯಮ ಬಂದು, 2017ರ ನವೆಂಬರಿನಿಂದ ಹತ್ತು ಲಕ್ಷ ಭಾಗಕ್ಕೆ 90 ಭಾಗ ಎಂಬ ಮಿತಿ ಜಾರಿಯಾಯಿತು. ಅಂದರೆ ಅದಕ್ಕೂ ಹಿಂದಿನ ಎಣ್ಣೆ ಬಣ್ಣವನ್ನು ಒಣಗಿದ್ದಾಗ ಕೆರೆಯಬಾರದು, ಉಜ್ಜುಕಾಗದ ಹಾಕಿ ಉಜ್ಜಲೇಬಾರದು. ದೂಳು ಎದ್ದರೆ ಇಕ್ಕಟ್ಟಾದ ಕೋಣೆಯಲ್ಲಿ ಅದು ನೇರ ನಮ್ಮ ಮೂಗಿಗೇ. ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು.

ನಾನು ಗೀಸರಿನ ಕರೆಂಟು ತೆಗೆಸಿ, ಕಿಟಕಿ ಬಾಗಿಲು ತೆರೆದಿಟ್ಟು, ಮೂಗಿಗೆ ಮಾಸ್ಕ್ ಕಟ್ಟಿ, ನೆಲಕ್ಕೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿದೆ. ಕಾಗದವನ್ನು ಮೇಲಿನ ಮೂಲೆಯಿಂದ ನಿಧಾನವಾಗಿ ಎಳೆದೆ. ಉಳಿದ ಅಂಟಿಗೆ ಬಿಸಿನೀರು, ಸೋಪು. ಅಂಟಿನ ಜೊತೆಗೇ ಹಸಿರು ಬಣ್ಣವೂ ಕಿತ್ತು ಬರತೊಡಗಿತು. ನೀರು ಚಿಮುಕಿಸುತ್ತ ಪಟ್ಟಿ ಬ್ಲೇಡಿನಿಂದ ಎಬ್ಬಿಸಿದರೆ ಅಂಗೈಯಗಲದ ಹಪ್ಪಳಗಳು. ಅವುಗಳ ಬೆನ್ನಿಗೆ ಸುಣ್ಣದ ಪದರ. ಒಂದು ಹಪ್ಪಳವನ್ನು ತಿರುವಿ ನೋಡಿದಾಗ ಸುಣ್ಣದ ಮೇಲೆ ಕಪ್ಪು ಗೆರೆಗಳು ಕಂಡವು. ಇದ್ದಿಲಲ್ಲಿ ಎಳೆದ ನೆಟ್ಟನೆಯ ಗೆರೆಗಳು. ಗೋಡೆಯಲ್ಲಿ, ಹಿಂದೆ ಒಲೆಯಿದ್ದ ಮೂಲೆಯಲ್ಲಿ, ಇನ್ನೂ ಎರಡು ಗೆರೆಯ ಗುರುತು ಉಳಿದಿತ್ತು.

ಹಪ್ಪಳವನ್ನು ಮೊರದಲ್ಲಿಟ್ಟು ಅತ್ತೆಯ ಹತ್ತಿರ ಒಯ್ದೆ. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಪೊರಕೆ ಲೆಕ್ಕ ಕಣೇ," ಎಂದರು.

ಕೊಬ್ಬರಿಯ ಲೆಕ್ಕ ನಮ್ಮ ಮಾವನವರದ್ದು. ಮಾರುಕಟ್ಟೆಗೆ ಹೋಗುವವರು ಗಂಡಸರು, ದುಡ್ಡು ಬರುವುದು ಅವರ ಕೈಗೆ. ಗರಿ ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುವುದು, ಚಿಪ್ಪು ಕೂಡಿಡುವುದು ಹೆಂಗಸರ ಕೆಲಸ. ಆ ಪುಡಿಗಾಸನ್ನು ಯಾರೂ ಕೇಳುತ್ತಿರಲಿಲ್ಲ, ಇದೆ ಎಂದು ಗೊತ್ತಾಗದಿರುವ ತನಕ. ಅತ್ತೆಗೆ ಓದು ಬರುತ್ತಿರಲಿಲ್ಲ. ಕೊಂಡುಹೋಗುವವಳಿಗೆ ಹತ್ತು ಪೊರಕೆ ಕೊಟ್ಟರೆ ಒಂದು ಗೆರೆ, ದುಡ್ಡು ಬಂದರೆ ಅದಕ್ಕೆ ಅಡ್ಡಗೆರೆ. ಬಚ್ಚಲಿನ ಒಲೆಯ ಮೂಲೆಗೆ ಗಂಡಸರು ಬಗ್ಗಿ ನೋಡುತ್ತಿರಲಿಲ್ಲ. ದೀಪಾವಳಿಗೆ ಲೆಕ್ಕ ಚುಕ್ತ ಮಾಡಿ ಸುಣ್ಣ ಹೊಡೆದರೆ ಗೋಡೆ ಹೊಸ ಪುಸ್ತಕ.

"ಆ ದುಡ್ಡಲ್ಲೇ ನಿನ್ನ ನಾದಿನಿ ಓದಿದ್ದು. ಎಸ್ಸೆಸ್ಸೆಲ್ಸಿ ಆದಮೇಲೆ ಸಾಕು ಅಂದುಬಿಟ್ಟಿದ್ರು ನಿಮ್ಮಾವ. ಫೀಸು ನಮ್ಮಣ್ಣ ಕೊಡ್ತಾನೆ ಅಂತ ಸುಳ್ಳು ಹೇಳಿದೆ."

ನನ್ನ ನಾದಿನಿ ಮೇಷ್ಟರಾಗಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಿಯಾದವರು. ಅವರಿಗೂ ಇದು ಗೊತ್ತಿಲ್ಲ. ಸೋದರಮಾವ ಓದಿಸಿದ ಎಂದೇ ಇವತ್ತಿಗೂ ಹೇಳುತ್ತಾರೆ.

"ಇವಕ್ಕೆ ಅಡ್ಡಗೆರೆ ಇಲ್ವಲ್ಲ ಅತ್ತೆ?" ಎಂದೆ.

"ಮದುವೆ ಗಡಿಬಿಡೀಲಿ ಬಣ್ಣದೋರು ಬಂದು ಬಳಿದುಬಿಟ್ರು. ಆರೋ ಏಳೋ ಬಾಕಿ ಇತ್ತು. ಅವಳು ಐದು ಅಂದಳು. ತೋರಿಸೋಕೆ ಗೋಡೆ ಇಲ್ಲ, ಯಾರನ್ನಾದ್ರೂ ಕೇಳೋಣ ಅಂದ್ರೆ ಯಾರಿಗೂ ಹೇಳಿಲ್ಲ. ಐದಕ್ಕೇ ಇಸ್ಕೊಂಡೆ. ಎಣ್ಣೆ ಬಣ್ಣದ ಮೇಲೆ ಇದ್ದಿಲು ಹತ್ತಲಿಲ್ಲ ನೋಡು, ಆಮೇಲೆ ಬರೀಲಿಲ್ಲ."

ಹಪ್ಪಳದ ಬೆನ್ನಿಗೆ ನಾಲ್ಕು ಗೆರೆ, ಗೋಡೆಯಲ್ಲಿ ಎರಡು. ಒಂದು ಚೂರು ಮುರಿದು ನೀರಿನಲ್ಲಿ ಹೋಗಿತ್ತು. ಆರು ಎಂದು ನಾನು ಸಾಕ್ಷಿ ಹೇಳಬಲ್ಲೆ. ಏಳನೆಯದು ಅತ್ತೆಯ ನೆನಪಿಗೆ ಬಿಟ್ಟದ್ದು. ಆ ಹಪ್ಪಳವನ್ನು ಗಾಜಿನ ಕಟ್ಟು ಹಾಕಿಸಿ ಇಡಲೇ ಎಂದು ಕೇಳಿದೆ. ವಿಷ ಇರೋದನ್ನ ಮನೇಲಿ ಯಾಕೆ ಇಡ್ತೀಯ ಎಂದು ಬೈದರು. ನಾದಿನಿಗೆ ಹೇಳಲೇ ಎಂದು ಕೇಳಿದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ಬೇಡ ಎನ್ನಲೂ ಇಲ್ಲ.

ಗೋಡೆಯ ಶೀತಕ್ಕೆ ಮೂಲ ಒಂದು ಸೋರುವ ಪೈಪು. ಅದನ್ನು ಸರಿಪಡಿಸಿ, ಮೂರು ವಾರ ಗೋಡೆ ಒಣಗಲು ಬಿಟ್ಟು ಆಮೇಲೆ ಸುಣ್ಣ ಹೊಡೆಸಿದೆ. ಗೋಡೆಗೆ ಮೊದಲು ನೀರು ಚಿಮುಕಿಸಿ, ಮಜ್ಜಿಗೆಯಷ್ಟು ತೆಳುವಾಗಿ ಮೂರು ಸಲ. ದಪ್ಪಗೆ ಒಂದೇ ಸಲ ಬಳಿದರೆ ಉದುರುತ್ತದೆ. ಸುಣ್ಣ ಕಲಸುವ ಮುಂಚೆ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಒರಗಿದರೆ ಬಟ್ಟೆಗೆ ಹತ್ತುತ್ತದೆ, ನಿಜ. ಮುಂದಿನ ದೀಪಾವಳಿಗೆ ಮತ್ತೆ ಹೊಡೆಯಬೇಕು, ಅದೂ ನಿಜ. ಅತ್ತೆಯ ಕೆಮ್ಮು ಪೂರ್ತಿ ಹೋಗಿಲ್ಲ, ರಾತ್ರಿ ನಿದ್ದೆ ಮಾಡುತ್ತಾರೆ.

ನಾದಿನಿ ಈ ಹಬ್ಬಕ್ಕೆ ಬರುತ್ತಾರೆ. ಒಲೆಯ ಮೂಲೆಯ ಆ ಎರಡು ಗೆರೆಗಳಿದ್ದ ಒಂದು ಗೇಣು ಜಾಗಕ್ಕೆ ಸುಣ್ಣ ಹೊಡೆಯಬೇಡ ಎಂದು ಆಳಿಗೆ ಹೇಳಿದ್ದೆ. ಅತ್ತೆ ನೋಡಿದರೂ ಸುಮ್ಮನಿದ್ದಾರೆ.