ದೊಡ್ಡರಸಿನಕೆರೆಯ ಅಮರನಾಥ

೨೦೧೮ರ ನವೆಂಬರ್ ೨೪, ಶನಿವಾರ. ಮಂಡ್ಯದ ಜನ ಆ ದಿನವನ್ನು ಮರೆಯಲಾರರು. ನಡುಹಗಲಿನಲ್ಲಿ ಪಾಂಡವಪುರದ ಕಡೆಯಿಂದ ಮಂಡ್ಯಕ್ಕೆ ಬರುತ್ತಿದ್ದ ಖಾಸಗಿ ಬಸ್ಸೊಂದು ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಮಗುಚಿ ಮೂವತ್ತು ಮಂದಿ ನೀರುಪಾಲಾದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಎಳೆಯ ಮಕ್ಕಳೂ ಅವರಲ್ಲಿದ್ದರು. ಹಳ್ಳಿ ಹಳ್ಳಿಗಳಲ್ಲಿ ಗೋಳಾಟ ಇನ್ನೂ ನಿಂತಿರಲಿಲ್ಲ; ರಾತ್ರಿಯ ಹೊತ್ತಿಗೆ ಬೆಂಗಳೂರಿನಿಂದ ಮತ್ತೊಂದು ಸುದ್ದಿ ಬಂತು. ಅಂಬರೀಶ್ ತೀರಿಕೊಂಡರು. ಅವರಿಗೆ ಅರವತ್ತಾರು ವರ್ಷ.

ನಟನೊಬ್ಬನ ಸಾವು ಒಂದು ಜಿಲ್ಲೆಗೆ ಮನೆಯ ಸಾವಾಗುವುದು ಸಾಮಾನ್ಯವಲ್ಲ. ಅದು ಹೇಗಾಯಿತೆಂದು ತಿಳಿಯಬೇಕಾದರೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಹಾದಿಯನ್ನು ಹಿಡಿಯಬೇಕು. ಕಬ್ಬಿನ ಗದ್ದೆ, ಭತ್ತದ ಗದ್ದೆ, ನಾಲೆ, ಮತ್ತೆ ಕಬ್ಬು. ಕೃಷ್ಣರಾಜಸಾಗರದ ನೀರು ಬಂದಮೇಲೆ ಹಸುರಾದ ಸೀಮೆ ಇದು. ಅದಕ್ಕೆ ಮುಂಚೆ ರಾಗಿಯನ್ನೂ ಮಳೆಯನ್ನೂ ನಂಬಿದ್ದ ಸೀಮೆ. ಈ ಹಾದಿಯ ಆಸುಪಾಸಿನಲ್ಲಿ, ಮದ್ದೂರು ತಾಲ್ಲೂಕಿಗೆ ಸೇರಿದ ದೊಡ್ಡರಸಿನಕೆರೆಯಲ್ಲಿ, ೧೯೫೨ರ ಮೇ ೨೯ರಂದು ಹುಟ್ಟಿದ ಮಗುವಿಗೆ ಇಟ್ಟ ಹೆಸರು ಅಮರನಾಥ. ಪೂರ್ತಿಯಾಗಿ ಬರೆದರೆ ಮಳವಳ್ಳಿ ಹುಚ್ಚೇಗೌಡ ಅಮರನಾಥ. ಹೀಗೆ ಮಳವಳ್ಳಿ ಹೆಸರಿನಲ್ಲಿ ಸೇರಿತು, ಮದ್ದೂರು ಹುಟ್ಟಿನಲ್ಲಿ ಸೇರಿತು, ಮಂಡ್ಯ ಮುಂದೆ ಬಿರುದಿನಲ್ಲಿ ಸೇರಿಕೊಂಡಿತು.

ಆದರೆ ಈ ಗೌಡರ ಮನೆಯ ಹುಡುಗನಿಗೆ ಇನ್ನೊಂದು ಹಿನ್ನೆಲೆ ಇತ್ತು. ಆತ ಪಿಟೀಲು ಚೌಡಯ್ಯನವರ ಮೊಮ್ಮಗ. ತಿರುಮಕೂಡಲಿನ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕಡೆಯ ಸಾಲಿನವರಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಹೂಡಿದವರು. ಅವರು ಕೇವಲ ಕಚೇರಿಯ ಮನುಷ್ಯರಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ೧೯೪೩ರಲ್ಲಿ ‘ವಾಣಿ’ ಎಂಬ ಚಿತ್ರವನ್ನು ತಾವೇ ತಯಾರಿಸಿದರು, ಕೆ. ಹಿರಣ್ಣಯ್ಯನವರು ಅದರ ನಿರ್ದೇಶಕರು. ಪಂಡರಿಬಾಯಿಯವರು ಚಿತ್ರರಂಗಕ್ಕೆ ಕಾಲಿಟ್ಟದ್ದು ಆ ಚಿತ್ರದಲ್ಲಿಯೇ. ಪಾಲಕ್ಕಾಡಿನ ಚೆಂಬೈ ವೈದ್ಯನಾಥ ಭಾಗವತರೂ ಅದರಲ್ಲಿ ಕಾಣಿಸಿಕೊಂಡಿದ್ದಾರೆ. ಚೆಂಬೈಯವರ ಕಂಚಿನ ಕಂಠಕ್ಕೆ ಸರಿಜೋಡಿ ಈ ಏಳು ತಂತಿಯ ಪಿಟೀಲು ಎಂದು ಅಂದಿನ ರಸಿಕರು ಹೇಳುತ್ತಿದ್ದರು. ಮಲೆಯಾಳದ ನಂಟು, ಚಲಚ್ಚಿತ್ರದ ನಂಟು, ಎರಡೂ ಮೊಮ್ಮಗ ಹುಟ್ಟುವ ಮೊದಲೇ ಮನೆಯೊಳಗೆ ಬಂದಿದ್ದವೆಂದಾಯಿತು.

ಹುಡುಗನ ಕೈ ಮಾತ್ರ ಪಿಟೀಲಿನತ್ತ ಹೋಗಲಿಲ್ಲ. ಮಂಡ್ಯದಲ್ಲಿ, ಆಮೇಲೆ ಮೈಸೂರಿನಲ್ಲಿ ಓದು. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ‘ನಾಗರಹಾವು’ ತೆಗೆದರು. ವಿಷ್ಣುವರ್ಧನರನ್ನು ನಾಯಕನನ್ನಾಗಿ ನಾಡಿಗೆ ತೋರಿಸಿಕೊಟ್ಟ ಆ ಚಿತ್ರದಲ್ಲಿಯೇ, ಹೆಣ್ಣುಮಕ್ಕಳನ್ನು ಬೀದಿಯಲ್ಲಿ ಕಾಡುವ ಜಲೀಲನಾಗಿ ಬಂದವನು ಈ ಅಮರನಾಥ. ಹೆಸರು ಈಗ ಅಂಬರೀಶ್. ಪಾತ್ರ ಚಿಕ್ಕದು. ನಾಯಕನಿಂದ ಪೆಟ್ಟು ತಿನ್ನುವುದೇ ಅದರ ಕೆಲಸ. ಆದರೂ ಚಿತ್ರ ನೋಡಿ ಬಂದವರು ಜಲೀಲನ ಆ ಉಡಾಫೆಯ ನಿಲುವನ್ನು ಮರೆಯಲಿಲ್ಲ.

ಪುಟ್ಟಣ್ಣನವರು ಮುಂದೆಯೂ ಕೈಬಿಡಲಿಲ್ಲ. ‘ಶುಭಮಂಗಳ’ದಲ್ಲಿ ಮೂಗನ ಪಾತ್ರ, ‘ಪಡುವಾರಳ್ಳಿ ಪಾಂಡವರು’ ಚಿತ್ರದಲ್ಲಿ ಊರಿನ ದಬ್ಬಾಳಿಕೆಗೆ ತಿರುಗಿ ಬೀಳುವ ಯುವಕರ ಪೈಕಿ ಒಬ್ಬ, ೧೯೮೧ರ ‘ರಂಗನಾಯಕಿ’ಯಲ್ಲಿ ಆರತಿಯವರೆದುರು ಗಂಡನ ಪಾತ್ರ. ನನ್ನ ಮಟ್ಟಿಗೆ ಅಂಬರೀಶರ ನಟನೆ ಹದವಾಗಿ ಕಾಣುವುದು ಈ ಚಿತ್ರಗಳಲ್ಲಿಯೇ. ಆದರೆ ಜನ ಬೇರೊಂದು ತೀರ್ಪು ಕೊಟ್ಟರು. ಅದೇ ವರ್ಷ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ ಬಂತು. ಎಚ್.ಕೆ. ಅನಂತರಾವ್ ಅವರ ಕಾದಂಬರಿ ಅದರ ಆಧಾರ. ಪ್ರಾಮಾಣಿಕ ಪೋಲೀಸ್ ಅಧಿಕಾರಿ ಸುಶೀಲಕುಮಾರ್, ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್, ಎರಡೂ ಅಂಬರೀಶರೇ. ಚಿತ್ರಹಿಂಸೆಯ ದೃಶ್ಯಗಳನ್ನೂ, ಅಧಿಕಾರಸ್ಥರ ಕೊಳಕನ್ನೂ ಅಷ್ಟು ಬಿಚ್ಚಿ ತೋರಿಸಿದ್ದು ವಿವಾದಕ್ಕೆ ಕಾರಣವಾಯಿತು. ಚಿತ್ರಮಂದಿರಗಳು ಮಾತ್ರ ತುಂಬಿದವು. ‘ರೆಬೆಲ್ ಸ್ಟಾರ್’ ಎಂಬ ಬಿರುದು ಅಂಟಿಕೊಂಡಿತು. ೧೯೮೩ರ ‘ಚಕ್ರವ್ಯೂಹ’ ಅದನ್ನು ಮತ್ತಷ್ಟು ಗಟ್ಟಿ ಮಾಡಿತು. ಹಿಂದಿಯವರು ಎರಡನ್ನೂ ಎತ್ತಿಕೊಂಡರು. ಒಂದರಲ್ಲಿ ಜಿತೇಂದ್ರ, ಇನ್ನೊಂದರಲ್ಲಿ ಅಮಿತಾಭ್ ಬಚ್ಚನ್.

ಇಲ್ಲಿ ಒಂದು ವಿಚಿತ್ರ ನಡೆಯಿತು. ಕನ್ನಡಿಗರು ಅದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಕನ್ನಡದಲ್ಲಿ ಅಂಬರೀಶ್ ಎಂದರೆ ಮುಷ್ಟಿ ಎಂದಾಗುತ್ತಿದ್ದ ಆ ದಿನಗಳಲ್ಲಿಯೇ, ೧೯೮೨ರಲ್ಲಿ, ಮಲೆಯಾಳದ ಕವಿ-ನಿರ್ದೇಶಕ ಶ್ರೀಕುಮಾರನ್ ತಂಪಿಯವರು ಈ ಮನುಷ್ಯನನ್ನು ಕರೆದು ‘ಗಾನಂ’ ಚಿತ್ರದ ನಾಯಕನನ್ನಾಗಿ ಮಾಡಿದರು. ನಾಯಕಿ ಲಕ್ಷ್ಮಿ. ಹೆಸರೇ ಹೇಳುವಂತೆ ಅದು ಶಾಸ್ತ್ರೀಯ ಸಂಗೀತವನ್ನೇ ಉಸಿರಾಗಿಸಿಕೊಂಡ ಚಿತ್ರ. ಸಂಗೀತ ದಕ್ಷಿಣಾಮೂರ್ತಿಯವರದು, ಹಾಡಿದವರಲ್ಲಿ ಬಾಲಮುರಳಿಕೃಷ್ಣ ಇದ್ದರು, ಚೆಂಬೈಯವರ ಶಿಷ್ಯ ಯೇಸುದಾಸ್ ಇದ್ದರು. ಅಜ್ಜನು ಪಿಟೀಲು ಹಿಡಿದು ಚೆಂಬೈಯವರ ಪಕ್ಕದಲ್ಲಿ ಕುಳಿತ. ಮೊಮ್ಮಗನ ಚಿತ್ರಕ್ಕೆ ಚೆಂಬೈಯವರ ಶಿಷ್ಯ ಹಾಡಿದ. ಚೌಡಯ್ಯನವರು ೧೯೬೭ರಲ್ಲಿಯೇ ಕಣ್ಮುಚ್ಚಿದ್ದರು, ಇದನ್ನು ಕಾಣಲಿಲ್ಲ. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನ ಎದ್ದು ಆಗ ಎರಡು ವರ್ಷವಾಗಿತ್ತಷ್ಟೆ. ಮೊಮ್ಮಗನ ಮುಖದಲ್ಲಿ ಸಂಗೀತದ ನೆರಳನ್ನು ಕಂಡವರು ಕನ್ನಡದ ನಿರ್ಮಾಪಕರಲ್ಲ, ನೆರೆನಾಡಿನವರು! ನಮ್ಮವರು ಅದೇ ಜಾಡು ಹಿಡಿದಿದ್ದರೆ ಎಂದು ಆಗಾಗ ಅನ್ನಿಸುವುದುಂಟು.

ಮಲೆಯಾಳದ ನಂಟು ಅಲ್ಲಿಗೇ ಮುಗಿಯಲಿಲ್ಲ. ೧೯೮೭ರಲ್ಲಿ ಮಮ್ಮೂಟಿ ನಾಯಕರಾಗಿ ಜೋಷಿಯವರು ನಿರ್ದೇಶಿಸಿದ ‘ನ್ಯೂಡೆಲ್ಲಿ’ ಕೇರಳದಲ್ಲಿ ಜಯಭೇರಿ ಹೊಡೆಯಿತು. ಮರುವರ್ಷ ಅದನ್ನು ಕನ್ನಡಕ್ಕೆ ತಂದಾಗ ಜೋಷಿಯವರೇ ನಿರ್ದೇಶಕರು, ಮಮ್ಮೂಟಿಯವರ ಸ್ಥಾನದಲ್ಲಿ ಅಂಬರೀಶ್. ಮೂಲ ಚಿತ್ರದ ನಟಿಯರಲ್ಲಿ ಸುಮಲತಾ ಒಬ್ಬರು. ಅದೇ ೧೯೮೭ರಲ್ಲಿ ಪದ್ಮರಾಜನ್‌ರ ‘ತೂವಾನತ್ತುಂಬಿಗಳ್’ ಚಿತ್ರದ ಕ್ಲಾರಾ ಆಗಿ ಮಲೆಯಾಳಿಗಳ ಮನಸ್ಸಿನಲ್ಲಿ ನಿಂತವರು. ೧೯೯೧ರ ಡಿಸೆಂಬರಿನಲ್ಲಿ ಸುಮಲತಾ ಅಂಬರೀಶರ ಮಡದಿಯಾಗಿ ಮಂಡ್ಯದ ಸೊಸೆಯಾದರು.

ಇನ್ನು ರಾಜಕೀಯ. ೧೯೯೪ರಲ್ಲಿ ‘ಮಂಡ್ಯದ ಗಂಡು’ ಎಂಬ ಚಿತ್ರ ಬಂತು. ಚಿತ್ರದ ಹೆಸರು ವ್ಯಕ್ತಿಯ ಹೆಸರೇ ಆಗಿಹೋಯಿತು. ೧೯೯೮ರಲ್ಲಿ ಜನತಾದಳದಿಂದ, ೧೯೯೯ ಮತ್ತು ೨೦೦೪ರಲ್ಲಿ ಕಾಂಗ್ರೆಸ್ಸಿನಿಂದ, ಮೂರು ಸಲ ಮಂಡ್ಯ ಅವರನ್ನು ಲೋಕಸಭೆಗೆ ಕಳುಹಿಸಿತು. ಪಕ್ಷ ಬದಲಾದರೂ ಮತ ಬದಲಾಗಲಿಲ್ಲ. ಜನ ಗುರುತು ನೋಡಲಿಲ್ಲ, ಆಳು ನೋಡಿದರು. ಏಕವಚನದಲ್ಲಿ ಮಾತನಾಡಿಸಿ, ಬೈದು, ಹೆಗಲ ಮೇಲೆ ಕೈಹಾಕುವ ‘ಅಂಬರೀಶಣ್ಣ’ನ ಒರಟುತನ ಆ ಸೀಮೆಗೆ ತನ್ನದೇ ಮಾತಾಗಿ ಕೇಳಿಸುತ್ತಿತ್ತು. ಆದರೆ ದೂರುಗಳೂ ಇದ್ದವು: ಸಭೆಯಲ್ಲಿ ಅವರು ಬಾಯಿ ಬಿಡುವುದು ಅಪರೂಪ, ಕ್ಷೇತ್ರದಲ್ಲಿ ಕೈಗೆ ಸಿಗುವುದು ಇನ್ನೂ ಅಪರೂಪ ಎಂದು. ದೂರು ಸುಳ್ಳೆಂದು ಅವರ ಅಭಿಮಾನಿಗಳೂ ವಾದಿಸುತ್ತಿರಲಿಲ್ಲ. ‘ಅವನು ಹಾಗೇ’ ಎಂದು ನಕ್ಕುಬಿಡುತ್ತಿದ್ದರು.

ನಗಲಾಗದ ಒಂದು ಘಳಿಗೆ ಬಂತು. ೨೦೦೬ರ ಅಕ್ಟೋಬರಿನಲ್ಲಿ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಇಲಾಖೆಯ ರಾಜ್ಯ ಸಚಿವರಾದರು. ೨೦೦೭ರ ಫೆಬ್ರವರಿ ೫ರಂದು ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಹೊರಬಿತ್ತು: ತಮಿಳುನಾಡಿಗೆ ೪೧೯ ಟಿ.ಎಂ.ಸಿ., ಕರ್ನಾಟಕಕ್ಕೆ ೨೭೦. ಮಂಡ್ಯದ ರೈತನಿಗೆ ಅದು ಲೆಕ್ಕವಲ್ಲ, ಮುಂದಿನ ಬೆಳೆ. ಅಂಬರೀಶರು ಸಚಿವ ಪದವಿಗೆ ರಾಜೀನಾಮೆ ಕೊಟ್ಟರು. ರಾಜೀನಾಮೆಯಿಂದ ನಾಲೆಗೆ ಒಂದು ತೊಟ್ಟು ಹೆಚ್ಚು ನೀರು ಬರಲಿಲ್ಲ. ಮಂತ್ರಿಯಾಗಿದ್ದುಕೊಂಡೇ ಹೋರಾಡಬಹುದಿತ್ತೆಂದವರೂ ಉಂಟು. ಅಧಿಕಾರಕ್ಕೆ ಬಂದು ನಾಲ್ಕು ತಿಂಗಳೂ ತುಂಬದೆ ಅದನ್ನು ಬಿಡಲೊಪ್ಪಿದ್ದು ಸಣ್ಣ ಸಂಗತಿಯಲ್ಲವೆಂದೇ ನನ್ನ ಅಭಿಪ್ರಾಯ.

ಜನ ಅದಕ್ಕೆ ಮತದಲ್ಲಿ ಬೆಲೆ ಕಟ್ಟಲಿಲ್ಲವೆಂಬುದೂ ನಿಜ. ೨೦೦೮ರಲ್ಲಿ ಶ್ರೀರಂಗಪಟ್ಟಣದ ವಿಧಾನಸಭಾ ಚುನಾವಣೆಯಲ್ಲಿ ಸೋಲು, ೨೦೦೯ರಲ್ಲಿ ಲೋಕಸಭೆಗೂ ಸೋಲು. ೨೦೧೩ರಲ್ಲಿ ಮಂಡ್ಯದಿಂದ ಶಾಸಕರಾಗಿ ವಸತಿ ಸಚಿವರಾದರು; ೨೦೧೬ರಲ್ಲಿ ಸಂಪುಟ ಪುನಾರಚನೆಯಾದಾಗ ಅವರನ್ನು ಕೈಬಿಡಲಾಯಿತು. ೨೦೧೮ರಲ್ಲಿ ಪಕ್ಷವೇ ಟಿಕೇಟು ಕೊಟ್ಟರೂ ಸ್ಪರ್ಧಿಸಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ‘ಅಂಬಿ ನಿಂಗ್ ವಯಸ್ಸಾಯ್ತೋ’ ತೆರೆಕಂಡಿತು. ಎರಡು ತಿಂಗಳಲ್ಲಿ ಅವರಿಲ್ಲ.

ಅಂತ್ಯಕ್ರಿಯೆ ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲೆಂದು ನಿರ್ಧಾರವಾದಾಗ ಮಂಡ್ಯ ಸಿಡಿದೆದ್ದಿತು. ಒಂದು ಸಲವಾದರೂ ಇಲ್ಲಿಗೆ ತನ್ನಿ ಎಂಬ ಒತ್ತಾಯಕ್ಕೆ ಸರ್ಕಾರ ಮಣಿದು, ೨೫ರ ಭಾನುವಾರ ಹೆಲಿಕಾಪ್ಟರಿನಲ್ಲಿ ದೇಹವನ್ನು ತಂದು ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಇರಿಸಿತು. ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ನಿಂತು ಏರ್ಪಾಟು ನೋಡಿಕೊಂಡರು. ಆರು ತಿಂಗಳೊಳಗೆ ಅವರ ಮಗ ನಿಖಿಲರನ್ನೇ ಎದುರಿಸಿ, ಪಕ್ಷೇತರರಾಗಿ ನಿಂತ ಸುಮಲತಾ ೧,೨೫,೮೭೬ ಮತಗಳ ಅಂತರದಿಂದ ಗೆದ್ದರು. ಚುನಾವಣೆಯ ಮಾತು ಅಂದು ಯಾರ ತಲೆಯಲ್ಲಿಯೂ ಇದ್ದಂತಿರಲಿಲ್ಲ. ರಾತ್ರಿಯೆಲ್ಲ ಸಾಲು ಕರಗಲಿಲ್ಲ. ನಾಲೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಜಿಲ್ಲೆ, ಆ ಅಳುವಿನೊಡನೆಯೇ ಇಲ್ಲಿಗೂ ಬಂದಿತ್ತು. ಸೋಮವಾರ ಬೆಳಿಗ್ಗೆ ದೇಹವನ್ನು ಬೆಂಗಳೂರಿಗೆ ಎತ್ತುವ ಮುಂಚೆ ಸುಮಲತಾ ಮಂಡ್ಯದ ಮಣ್ಣನ್ನು ತೆಗೆದುಕೊಂಡು ಗಂಡನ ಹಣೆಗೆ ಇಟ್ಟರು.