ಮಣಲೆರ ಕೇಳಿದ ನಾಯಿ

ಕ್ರಿ.ಶ. 949ರ ಹೊತ್ತಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಚೋಳ ರಾಜಾದಿತ್ಯ ಅಲ್ಲಿ ಸತ್ತ. ಕೃಷ್ಣನ ಪರವಾಗಿ ಕಾದಿದವನು ಗಂಗ ದೊರೆ ಇಮ್ಮಡಿ ಬೂತುಗ, ಬೂತುಗನ ಕೈಕೆಳಗಿನ ವೀರ ಮಣಲೆರ. ಒಡೆಯ ಮೆಚ್ಚಿ ಬೇಕಾದ್ದನ್ನು ಕೇಳು ಎಂದಾಗ ಈ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹೇಳುವ ಕತೆ ಇದು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮುಂದೆ ಬೇಟೆಯಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯೆದುರು ಕಲ್ಲು ನಿಲ್ಲಿಸಿ, ಹಂದಿಗೂ ನಾಯಿಗೂ ನಡೆದ ಹೋರಾಟವನ್ನು ಅದರ ಮೇಲೆ ಕೆತ್ತಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗಲುತ್ತದೆ ಎಂಬ ಶಾಪವೂ ಅಲ್ಲಿದೆ. ನಾಯಿಗೂ ಪಾಪದ ಲೆಕ್ಕವಿತ್ತು ಎಂಬುದು ನನಗಂತೂ ಶಾಸನದ ಅತ್ಯಂತ ಆಪ್ತವಾದ ಮಾತು.

ಈ ಶಾಸನವನ್ನು ನಾವು ಸಾಮಾನ್ಯವಾಗಿ ತಕ್ಕೋಲದ ಯುದ್ಧಕ್ಕಾಗಿ ಓದುತ್ತೇವೆ. ನನ್ನ ಗಮನ ಇರುವುದು ಬೇರೆ ಕಡೆ. ಮಣಲೆರ ಮರಿ ಕೇಳಲಿಲ್ಲ. ಆಗಲೇ ಹೆಸರಿದ್ದ, ಬೇರೊಬ್ಬರ ಬಳಿ ಬೆಳೆದು ಪಳಗಿದ್ದ ನಾಯಿಯನ್ನು ಕೇಳಿದ. ಇವತ್ತು ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆ ನಾಯಿ ಬೇಕು ಅಂದರೆ ಮರಿ ಬೇಕು ಅಂತಲೇ ಅರ್ಥ, ಅದೂ ಗಂಡು ಮರಿ. ದೊಡ್ಡ ನಾಯಿ ಒಗ್ಗುವುದಿಲ್ಲ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಕಾಳಿ ಒಗ್ಗಿತು. ಆದರೆ ಕಾಳಿಗೆ ಕಲ್ಲು ಸಿಕ್ಕಿದ್ದು ಹಂದಿಯ ಮೇಲೆ ಬಿದ್ದು ಸತ್ತದ್ದಕ್ಕೆ. ಅದೇ ನಾಯಿ ಬದುಕಿ, ಹಲ್ಲು ಉದುರಿ, ಚಾವಡಿಯ ಮೂಲೆಯಲ್ಲಿ ಮಲಗಿದ್ದರೆ ನಮಗೆ ಅದರ ಹೆಸರೂ ಗೊತ್ತಿರುತ್ತಿರಲಿಲ್ಲ.

ಕೆಲಸ ಮುಗಿದ ನಾಯಿಯ ಜೊತೆ ನಿಂತವನ ಕತೆ ಬೇಕೆಂದರೆ ಮಹಾಪ್ರಸ್ಥಾನಿಕ ಪರ್ವಕ್ಕೆ ಹೋಗಬೇಕು. ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಧರ್ಮರಾಯ ಅಲ್ಲಿದ್ದಾನೆ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಗದುಗಿನ ಭಾರತದಲ್ಲಿ ಆ ನಾಯಿ ಇಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆಯಬೇಕಾಯಿತು.

ಮುದಿ ಪ್ರಾಣಿಗಳಿಗೆ ಸಂಸ್ಥೆಯೊಂದು ಹುಟ್ಟಿದ ಕತೆ ಮುಂಬಯಿಯದು. 1832ರಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸಿದಾಗ ಪಾರ್ಸಿಗಳು ದಂಗೆ ಎದ್ದರು. ಎರಡು ವರ್ಷ ಕಳೆದು, 1834ರಲ್ಲಿ, ಜಮ್ಶೇಟ್‌ಜಿ ಜೀಜೀಭಾಯಿ ಮತ್ತು ಮೋತಿಚಂದ್ ಅಮೀಚಂದ್ ಪಾಂಜರಪೋಳ ಕಟ್ಟಿದರು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಕ್ಯೂಪಾ ಸಂಸ್ಥೆ ಆರಂಭಿಸಿದ್ದು 1991ರಲ್ಲಿ. ಆಗ ಅವರಿಗೇ ಎಂಬತ್ತು ದಾಟಿತ್ತು!

ನಮ್ಮೂರಲ್ಲಿ ಬೋಂಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಯಿಗೆ ಉಳಿದ ಕೆಲಸ ತೋಟ ಕಾಯುವುದು, ಬೊಗಳುವುದು. ಅದೂ ಆಗದ ನಾಯಿ ಎಲ್ಲಿಗೆ ಹೋಗುತ್ತದೆ? ಮೈಸೂರಿನ ದಾರಿ ಬೆಂಗಳೂರು ಹೆದ್ದಾರಿಯಿಂದ ಕವಲೊಡೆಯುವ ಮಾಣಿಯಂಥ ಜಂಕ್ಷನ್‌ಗಳಲ್ಲಿ, ಹೋಟೆಲಿನ ಹಿಂದೆ, ಕುತ್ತಿಗೆಯಲ್ಲಿ ಇನ್ನೂ ಬೆಲ್ಟಿನ ಗುರುತಿರುವ ನಾಯಿಗಳು ಕಾಣುತ್ತವೆ. 2001ರ ಸಂತಾನ ನಿಯಂತ್ರಣ ನಿಯಮಗಳಲ್ಲಿ ಇದ್ದಂತೆ 2023ರ ನಿಯಮಗಳ ಪ್ರಕಾರವೂ ಆಪರೇಷನ್ ಆದ ಬೀದಿನಾಯಿಯನ್ನು ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಬಿಡಬೇಕು. ಹಾಗಾಗಿ ಆಶ್ರಯತಾಣಗಳಲ್ಲಿ ಉಳಿದುಬಿಡುವವು ಹೆಚ್ಚಾಗಿ ಕುಂಟು, ಕುರುಡು, ಮನೆಯವರೇ ಬಿಟ್ಟುಹೋದ ಮುದಿನಾಯಿಗಳು. ಮರಿಗಳು ಬೇಗ ಹೋಗುತ್ತವೆ, ಇವು ಹೋಗುವುದಿಲ್ಲ.

ಅಂಥದ್ದನ್ನು ಮನೆಗೆ ತರುವುದು ಪುಣ್ಯದ ಕೆಲಸ ಎಂದು ಹೊಗಳುವುದು ನನಗೆ ಅಷ್ಟು ಇಷ್ಟವಿಲ್ಲ. ಅದು ಖರ್ಚಿನ ಕೆಲಸ. ದೊಡ್ಡ ತಳಿಯ ನಾಯಿಗೆ ಏಳೆಂಟು ವರ್ಷಕ್ಕೇ ಮುಪ್ಪು ಬರುತ್ತದೆ, ಸಣ್ಣದಕ್ಕೆ ಹತ್ತರ ಆಚೀಚೆ. ತರುವ ಮೊದಲು ಮೂತ್ರಪಿಂಡ, ಹಲ್ಲು, ಕಣ್ಣು ನೋಡಿಸಬೇಕು. ರೇಬೀಸ್ ಲಸಿಕೆ ತಪ್ಪಬಾರದು. ಮಳೆಗಾಲದಲ್ಲಿ ಕೀಲುನೋವು ಜಾಸ್ತಿ, ಗೋಣಿಯ ಮೇಲೆ ಮಲಗಿಸಿದರೆ ಸಾಲದು. ಮೊದಲ ಕೆಲವು ವಾರ ಅದು ಗೇಟಿನತ್ತಲೇ ನೋಡುತ್ತಿರುತ್ತದೆ. ಹಳೆಯ ಹೆಸರು ಗೊತ್ತಿದ್ದರೆ ಅದೇ ಹೆಸರಿನಿಂದ ಕರೆಯಿರಿ. ಮಣಲೆರನೂ ಕಾಳಿಯ ಹೆಸರು ಬದಲಿಸಿರಲಿಲ್ಲ.